ಹಿಟ್ಲರ್‌ಗೆ ಬಹುಮತ ಸಿಕ್ಕಿತ್ತೇ?

ಓದುಗರ ಪತ್ರ: ಎಂ.ಎ. ಇತಿಹಾಸದವರಿಗೆ ಆಧುನಿಕ ಜರ್ಮನಿ ಪಾಠ ಮಾಡುತ್ತೇನೆ. ‘ವರ್ಸೇಲ್ಸ್ ಒಪ್ಪಂದದಿಂದ ಅವಮಾನ, ಆಮೇಲೆ ಹಣದುಬ್ಬರ, ಹಾಗಾಗಿ ಜನ ಬಹುಮತದಿಂದ ಹಿಟ್ಲರನನ್ನು ಆರಿಸಿದರು’ ಎಂದೇ ಎಲ್ಲರೂ ಬರೆಯುತ್ತಾರೆ. ಜರ್ಮನ್ ಭಾಷೆ ನನಗೂ ಬಾರದು, ಅವರಿಗೂ ಬಾರದು. ಇದನ್ನು ತಿದ್ದುವುದು ಹೇಗೆ?
– ಅಧ್ಯಾಪಕರೊಬ್ಬರು, ಹಾವೇರಿ ಜಿಲ್ಲೆ

ಸಂಪಾದಕರ ಉತ್ತರ:

ಮಾನ್ಯರೇ, ಆ ಒಂದು ವಾಕ್ಯದಲ್ಲಿ ಎರಡು ತಪ್ಪುಗಳಿವೆ. ಎರಡನ್ನೂ ಬೋರ್ಡಿನ ಮೇಲೆ ಅಂಕಿಗಳನ್ನು ಬರೆದೇ ತಿದ್ದಬಹುದು.

ಮೊದಲನೆಯದು ಹಣದುಬ್ಬರ. 1923ರ ನವೆಂಬರ್‌ನಲ್ಲಿ ಒಂದು ಡಾಲರಿಗೆ 4.2 ಲಕ್ಷ ಕೋಟಿ ಮಾರ್ಕ್ ಕೊಡಬೇಕಿತ್ತು, ನಿಜ. ಆದರೆ ಅದೇ ತಿಂಗಳು ರೆಂಟನ್‌ಮಾರ್ಕ್ ಎಂಬ ಹೊಸ ನಾಣ್ಯ ಬಂದು ಆ ಅಧ್ಯಾಯ ಮುಗಿಯಿತು. 1928ರ ಮೇ ಚುನಾವಣೆಯಲ್ಲಿ ನಾಜಿಗಳಿಗೆ ಬಂದದ್ದು ಶೇ. 2.6 ಮತ, 12 ಸ್ಥಾನ. ಅವರು ಬೆಳೆದದ್ದು ಬೆಲೆಗಳು ಏರುತ್ತಿದ್ದಾಗಲ್ಲ, ಕುಸಿಯುತ್ತಿದ್ದಾಗ: ಚಾನ್ಸೆಲರ್ (ಪ್ರಧಾನಿಯಂಥ ಹುದ್ದೆ) ಬ್ರೂನಿಂಗ್ ಸರ್ಕಾರ ಸಂಬಳ ಕಡಿತ ಮಾಡಿ ತೆರಿಗೆ ಏರಿಸಿತು, 1932ರ ಆರಂಭಕ್ಕೆ ನಿರುದ್ಯೋಗಿಗಳು 60 ಲಕ್ಷ ದಾಟಿದರು. 1923 ಮತ್ತು 1930–32ನ್ನು ಬೋರ್ಡಿನ ಎರಡು ಬದಿಗಳಲ್ಲಿ ಬೇರೆಬೇರೆಯಾಗಿ ಬರೆಯಿರಿ. ಒಂದೇ ಸಾಲಿನಲ್ಲಿ ಬರೆದರೆ ವಿದ್ಯಾರ್ಥಿಗಳು ಎರಡನ್ನೂ ಬೆಸೆದುಬಿಡುತ್ತಾರೆ.

ಎರಡನೆಯದು ಬಹುಮತ. 1932ರ ಜುಲೈನಲ್ಲಿ ನಾಜಿಗಳಿಗೆ ಶೇ. 37.3 ಮತ, 608ರಲ್ಲಿ 230 ಸ್ಥಾನ. ಅದೇ ನವೆಂಬರ್‌ನಲ್ಲಿ ಶೇ. 33.1, 196 ಸ್ಥಾನ. ಸುಮಾರು 20 ಲಕ್ಷ ಮತ ಕೈಬಿಟ್ಟಿತ್ತು. ಇಳಿಮುಖವಾಗಿದ್ದ ಪಕ್ಷದ ನಾಯಕ 1933ರ ಜನವರಿ 30ರಂದು ಚಾನ್ಸೆಲರ್ ಆದದ್ದು ಹೇಗೆ? ಪಾಠ ನಿಜವಾಗಿ ಶುರುವಾಗುವುದು ಈ ಪ್ರಶ್ನೆಯಿಂದ. ಉತ್ತರ ಮತಪೆಟ್ಟಿಗೆಯಲ್ಲಿಲ್ಲ, ಅಧ್ಯಕ್ಷ ಹಿಂಡೆನ್‌ಬರ್ಗ್ ಮತ್ತು ಮಾಜಿ ಚಾನ್ಸೆಲರ್ ಪಾಪೆನ್ ನಡೆಸಿದ ಮಾತುಕತೆಯಲ್ಲಿದೆ. ಸಂಪುಟದಲ್ಲಿ ಹಿಟ್ಲರ್ ಸೇರಿ ಮೂವರೇ ನಾಜಿಗಳು. ಅವನನ್ನು ಹಿಡಿತದಲ್ಲಿ ಇಟ್ಟುಕೊಳ್ಳುತ್ತೇವೆ ಎಂದು ಉಳಿದವರು ನಂಬಿದ್ದರು.

ಭಾಷೆಯ ತೊಡಕು ದೊಡ್ಡದಲ್ಲ. ವಾಷಿಂಗ್ಟನ್‌ನ ಜರ್ಮನ್ ಹಿಸ್ಟಾರಿಕಲ್ ಇನ್‌ಸ್ಟಿಟ್ಯೂಟ್ ಮೂಲ ದಾಖಲೆಗಳನ್ನು ಇಂಗ್ಲಿಷ್ ಅನುವಾದದೊಂದಿಗೆ ಅಂತರ್ಜಾಲದಲ್ಲಿ ಉಚಿತವಾಗಿ ಇಟ್ಟಿದೆ. ವೈಮಾರ್ ಸಂವಿಧಾನದ (1919ರಲ್ಲಿ ಬಂದ ಜರ್ಮನ್ ಗಣರಾಜ್ಯದ ಸಂವಿಧಾನ) 25, 48, 53ನೇ ವಿಧಿಗಳನ್ನು ಒಂದೇ ಹಾಳೆಯಲ್ಲಿ ಜೆರಾಕ್ಸ್ ಮಾಡಿಸಿ ಹಂಚಿ. ಸಂಸತ್ತನ್ನು ವಿಸರ್ಜಿಸುವುದು, ತುರ್ತು ಆಜ್ಞೆ ಹೊರಡಿಸುವುದು, ಚಾನ್ಸೆಲರ್‌ನನ್ನು ನೇಮಿಸುವುದು, ಮೂರೂ ಅಧ್ಯಕ್ಷರ ಕೈಯಲ್ಲೇ. 48ನ್ನು ಮಾತ್ರ ಓದಿಸಿದರೆ ಅರ್ಧ ಪಾಠ: ಆಜ್ಞೆಯನ್ನು ರದ್ದು ಮಾಡುವ ಹಕ್ಕು ಸಂಸತ್ತಿಗಿತ್ತು, ರದ್ದು ಮಾಡಿದ ಸಂಸತ್ತನ್ನೇ ವಿಸರ್ಜಿಸುವ ಹಕ್ಕು ಅಧ್ಯಕ್ಷರಿಗಿತ್ತು. 1930ರ ಜುಲೈನಲ್ಲಿ ಆದದ್ದು ಅದೇ.

ಒಂದು ಪೂರ್ತಿ ಪೀರಿಯಡ್ಡನ್ನು 1933ರ ಮಾರ್ಚ್ 23ಕ್ಕೆ ಮೀಸಲಿಡಿ. ಕ್ರೋಲ್ ಒಪೆರಾ ಭವನದಲ್ಲಿ ಅಂದು ಸಂಸತ್ತು ತನ್ನ ಶಾಸನಾಧಿಕಾರವನ್ನು ಸರ್ಕಾರಕ್ಕೆ ಬರೆದುಕೊಟ್ಟಿತು. ಲೆಕ್ಕವನ್ನು ವಿದ್ಯಾರ್ಥಿಗಳೇ ಮಾಡಲಿ. ಮಾರ್ಚ್ 5ರ ಚುನಾವಣೆಯಲ್ಲಿ ಅಷ್ಟೆಲ್ಲ ದಬ್ಬಾಳಿಕೆಯ ನಡುವೆಯೂ ನಾಜಿಗಳಿಗೆ ಬಂದದ್ದು ಶೇ. 43.9, 647ರಲ್ಲಿ 288 ಸ್ಥಾನ. ಮಿತ್ರಪಕ್ಷದ 52 ಸೇರಿ 340. ಮತ ಹಾಕಿದವರು 538, ಇಂಥ ಕಾಯ್ದೆಗೆ ಬೇಕಿದ್ದ ಮೂರನೇ ಎರಡು ಭಾಗ ಎಂದರೆ 359. ಆಯ್ಕೆಯಾಗಿದ್ದ 81 ಕಮ್ಯುನಿಸ್ಟರಿಗೆ ಒಳಗೆ ಪ್ರವೇಶವೇ ಇರಲಿಲ್ಲ. ಅವರನ್ನು ಹೊರಗಿಟ್ಟ ಮೇಲೂ 19 ಮತ ಕಡಿಮೆ! ಆ ಕೊರತೆ ತುಂಬಿದ್ದು ಕ್ಯಾಥೊಲಿಕ್ ಸೆಂಟರ್ ಪಕ್ಷ ಮತ್ತು ಇತರ ಸಣ್ಣ ಪಕ್ಷಗಳು. 444 ಪರ, 94 ವಿರುದ್ಧ. ವಿರೋಧಿಸಿದ 94 ಮಂದಿಯೂ ಸೋಷಿಯಲ್ ಡೆಮಾಕ್ರಾಟರು. ಅವರ ಪರವಾಗಿ ಮಾತಾಡಿದ ಒಟ್ಟೊ ವೆಲ್ಸ್ ಭಾಷಣವನ್ನು ತರಗತಿಯಲ್ಲಿ ಗಟ್ಟಿಯಾಗಿ ಓದಿಸಲೇಬೇಕು.

ನಾಜಿ ಪೋಸ್ಟರು, ಭಾಷಣದ ವಿಡಿಯೊಗಳನ್ನು ಮೊದಲ ದಿನವೇ ತೋರಿಸಬೇಡಿ. ಅವನ್ನು ಮಾಡಿದ್ದೇ ಮರುಳು ಮಾಡಲು. ಇಡೀ ದೇಶ ಅವನ ಹಿಂದಿತ್ತು ಎಂಬ ಭಾವನೆ ಒಮ್ಮೆ ಕೂತರೆ ಅಂಕಿಗಳಿಂದ ಅಳಿಸುವುದು ಕಷ್ಟ.

ಕೆಎಎಸ್‌ಗೆ ಓದುವವರಿಗೆ ವೈಮಾರ್ ಹೆಸರು ಹೊಸದಲ್ಲ. ಮಂಗಳೂರಿನಲ್ಲಿ ಹುಟ್ಟಿದ ಎಚ್.ವಿ. ಕಾಮತ್ 1949ರಲ್ಲಿ ನಮ್ಮ ಸಂವಿಧಾನ ಸಭೆಯಲ್ಲಿ ತುರ್ತು ಪರಿಸ್ಥಿತಿಯ ವಿಧಿಗಳನ್ನು ವಿರೋಧಿಸಿದಾಗ ಎತ್ತಿ ತೋರಿಸಿದ್ದು ವೈಮಾರ್ ಉದಾಹರಣೆಯನ್ನೇ. ಆ ಚರ್ಚೆಯ ನಡಾವಳಿಯನ್ನು ಸೆಮಿನಾರ್‌ಗೆ ಕೊಡಬಹುದು.

ಕೊನೆಗೆ, ಪ್ರಶ್ನೆಪತ್ರಿಕೆ ಬದಲಾಗದೆ ಉತ್ತರ ಬದಲಾಗದು. ‘ಹಿಟ್ಲರನ ಏಳಿಗೆಗೆ ಕಾರಣಗಳನ್ನು ವಿವರಿಸಿ’ ಎಂದು ಕೇಳಿದರೆ ಪಟ್ಟಿಯೇ ಬರುತ್ತದೆ. ಅದರ ಬದಲು ‘1932ರ ನವೆಂಬರ್ 6ರಿಂದ 1933ರ ಮಾರ್ಚ್ 23ರವರೆಗೆ ಯಾವ ನಿರ್ಧಾರವನ್ನು ಯಾರು ಕೈಗೊಂಡರು? ಅವರಿಗೆ ಬೇರೆ ದಾರಿ ಇತ್ತೇ?’ ಎಂದು ಕೇಳಿ, ಚುನಾವಣಾ ಅಂಕಿಗಳನ್ನು ಪ್ರಶ್ನೆಯ ಕೆಳಗೇ ಅಚ್ಚು ಹಾಕಿಸಿ.