ಮೂತ್ರ ಪರೀಕ್ಷೆಯಲ್ಲಿ ಸೀಸ, ಪಾದರಸ ಕೆಂಪು ಬಣ್ಣದಲ್ಲಿ ಬಂದಿದೆ. ಕೀಲೇಷನ್ ಮಾಡಿಸಿಕೊಳ್ಳಲೇ?

ನಿಮ್ಮ ಪ್ರಶ್ನೆಯಲ್ಲಿ ಎಲ್ಲಕ್ಕಿಂತ ಮುಖ್ಯವಾದ ಸಾಲು ಇದು: ಪರೀಕ್ಷೆ ಮಾಡಿದವರು ಮೊದಲು ಮಾತ್ರೆ ನುಂಗಿಸಿ, ಆಮೇಲೆ ಆರು ಗಂಟೆಯ ಮೂತ್ರ ಸಂಗ್ರಹಿಸಿದರು. ಎರಡು ವರ್ಷದ ಸುಸ್ತು, ಕೀಲುನೋವು, ತಲೆ ಮಂಕು ಎಲ್ಲಕ್ಕೂ ಆ ವರದಿಯನ್ನೇ ಕಾರಣವಾಗಿ ತೋರಿಸಿ ಈಗ ಕೀಲೇಷನ್ ಡ್ರಿಪ್, ಅಂದರೆ ಮೈಯಲ್ಲಿರುವ ಲೋಹವನ್ನು ಹಿಡಿದು ಹೊರಹಾಕುವ ಔಷಧಿ, ಹಾಕಿಸಿಕೊಳ್ಳಿ ಎನ್ನುತ್ತಿದ್ದಾರೆ. ಹಾಕಿಸಿಕೊಳ್ಳಬೇಡಿ. ನಿಮ್ಮ ಕಾಯಿಲೆ ಸುಳ್ಳು ಎಂದು ನಾನು ಹೇಳುತ್ತಿಲ್ಲ. ಆ ಪರೀಕ್ಷೆಯಿಂದ ಏನೂ ಗೊತ್ತಾಗುವುದಿಲ್ಲ, ಅಷ್ಟೆ.

ಆ ಮಾತ್ರೆ ಬಹುಶಃ ಡಿಎಂಎಸ್‌ಎ ಅಥವಾ ಡಿಎಂಪಿಎಸ್. ಲೋಹವನ್ನು ಹಿಡಿದು ಮೂತ್ರಕ್ಕೆ ಎಳೆದು ತರುವುದೇ ಅದರ ಕೆಲಸ. ಸೀಸ, ಪಾದರಸ ಒಂದಿಷ್ಟಾದರೂ ಇಲ್ಲದ ಮೈ ಇಲ್ಲ. ಹಾಗಾಗಿ ಗಟ್ಟಿಮುಟ್ಟಾಗಿರುವವರಿಗೆ ಕೊಟ್ಟರೂ ಮೂತ್ರದಲ್ಲಿ ಲೋಹ ಕೆಲವು ಗಂಟೆ ಏರುತ್ತದೆ. ಆದರೆ ವರದಿಯ ಪಕ್ಕದಲ್ಲಿ ಅಚ್ಚಾದ ಸಾಮಾನ್ಯ ಮಿತಿ, ಯಾವ ಔಷಧಿಯನ್ನೂ ತೆಗೆದುಕೊಳ್ಳದವರದು. ಎರಡನ್ನೂ ಹೋಲಿಸಿದರೆ ಕೆಂಪು ಬರದೆ ಇನ್ನೇನು ಬರುತ್ತದೆ? ಔಷಧಿ ಕೊಟ್ಟ ನಂತರದ ಮೂತ್ರಕ್ಕೆ ಒಪ್ಪಿತವಾದ ಮಿತಿಯೇ ಇಲ್ಲ. ಈ ಪರೀಕ್ಷೆಗೆ ವೈಜ್ಞಾನಿಕ ಆಧಾರವಿಲ್ಲ, ಇದರಿಂದ ಹಾನಿಯೂ ಆಗಬಹುದು ಎಂದು ಅಮೆರಿಕನ್ ಕಾಲೇಜ್ ಆಫ್ ಮೆಡಿಕಲ್ ಟಾಕ್ಸಿಕಾಲಜಿ ಹೇಳಿ ಎಷ್ಟೋ ವರ್ಷವಾಯಿತು. ವರದಿಯ ಕೆಳಗಿನ ಸಣ್ಣ ಅಕ್ಷರಗಳನ್ನೂ ಓದಿ. ಕೆಲವು ಲ್ಯಾಬ್‌ಗಳು ಈ ಮಾತನ್ನು ತಾವೇ ಅಲ್ಲಿ ಬರೆದಿರುತ್ತವೆ.

"ಸೀಸ ಮೂಳೆಯಲ್ಲಿ ಅಡಗಿರುತ್ತದೆ, ರಕ್ತಪರೀಕ್ಷೆಗೆ ಸಿಗುವುದಿಲ್ಲ" ಎಂದು ನಿಮಗೆ ಹೇಳಿದ್ದಾರಲ್ಲ, ಅದು ಅರ್ಧ ನಿಜ. ವಯಸ್ಕರ ಮೈಯಲ್ಲಿರುವ ಸೀಸದಲ್ಲಿ 90%ಕ್ಕಿಂತ ಹೆಚ್ಚು ಮೂಳೆಯಲ್ಲೇ ಇರುತ್ತದೆ. ಆದರೆ ಅದು ಅಲ್ಲಿಂದ ರಕ್ತಕ್ಕೆ ಸೋರುತ್ತಲೇ ಇರುತ್ತದೆ, ಆದ್ದರಿಂದ ಮೂಳೆಯಲ್ಲಿ ತುಂಬ ಸೀಸವಿದ್ದರೆ ರಕ್ತದಲ್ಲೂ ಕಾಣಿಸುತ್ತದೆ. ಮೂಳೆಯೊಳಗಿನ ದಾಸ್ತಾನನ್ನು ಡಿಎಂಎಸ್‌ಎ ಅಷ್ಟಾಗಿ ಮುಟ್ಟುವುದೂ ಇಲ್ಲ.

ಡ್ರಿಪ್‌ನ ಅಪಾಯ ಬೇರೆಯೇ. ಡ್ರಿಪ್‌ನಲ್ಲಿ ಹಾಕುವ ಕೀಲೇಷನ್ ಔಷಧಿ ಇಡಿಟಿಎಯಲ್ಲಿ ಎರಡು ಬಗೆ: ಕ್ಯಾಲ್ಸಿಯಂ ಡೈಸೋಡಿಯಂ ಇಡಿಟಿಎ ಮತ್ತು ಬರೀ ಡೈಸೋಡಿಯಂ ಇಡಿಟಿಎ. ಎರಡನೆಯದು ರಕ್ತದ ಕ್ಯಾಲ್ಸಿಯಂ ಅನ್ನೇ ಕಟ್ಟಿಹಾಕುತ್ತದೆ. ವೇಗವಾಗಿ ಹರಿಸಿದರೆ ಹೃದಯ ನಿಲ್ಲಬಹುದು. 2003ರಿಂದ 2005ರ ನಡುವೆ ಅಮೆರಿಕದಲ್ಲಿ ಇಬ್ಬರು ಮಕ್ಕಳು ಮತ್ತು ಒಬ್ಬ ಮಹಿಳೆ ಹೀಗೆ ಕ್ಯಾಲ್ಸಿಯಂ ಕುಸಿದು ತೀರಿಕೊಂಡದ್ದು ದಾಖಲಾಗಿದೆ. ಹೆಸರುಗಳು ಎಷ್ಟು ಹತ್ತಿರವೆಂದರೆ, ಬಾಟಲಿ ಅದಲು ಬದಲಾಗಲು ಒಂದು ಕ್ಷಣದ ಅಜಾಗರೂಕತೆ ಸಾಕು. ಕೀಲೇಷನ್ ಔಷಧಿಗಳ ಜೊತೆ ಸತು, ತಾಮ್ರದಂಥ ಬೇಕಾದ ಲೋಹಗಳೂ ಹೊರಗೆ ಹೋಗುತ್ತವೆ.

ಲೋಹದ ಅಂಕಿ ಇಳಿದರೆ ಆರೋಗ್ಯ ಸುಧಾರಿಸಲೇಬೇಕೆಂದೇನೂ ಇಲ್ಲ. ಮಧುಮೇಹವಿದ್ದು ಹೃದಯಾಘಾತವಾದವರ ಮೇಲೆ ನಡೆದ ಟ್ಯಾಕ್ಟ್-2 ಅಧ್ಯಯನದಲ್ಲಿ (2024) ಇಡಿಟಿಎ ಪಡೆದವರ ರಕ್ತದ ಸೀಸ ಸುಮಾರು 61% ಇಳಿಯಿತು, ಹೃದಯದ ತೊಂದರೆಗಳು ಮಾತ್ರ ಕಡಿಮೆಯಾಗಲಿಲ್ಲ. ನಿಜವಾದ ಸೀಸದ ವಿಷದಲ್ಲಿ ಕೀಲೇಷನ್ ಜೀವ ಉಳಿಸುತ್ತದೆ, ಅದರಲ್ಲಿ ಅನುಮಾನವಿಲ್ಲ. ವಿಶ್ವ ಆರೋಗ್ಯ ಸಂಸ್ಥೆಯ 2021ರ ಮಾರ್ಗಸೂಚಿಯಲ್ಲಿ ಅದು ಮಕ್ಕಳಿಗೆ ರಕ್ತದ ಸೀಸ ಪ್ರತಿ ಡೆಸಿಲೀಟರಿಗೆ 45 ಮೈಕ್ರೊಗ್ರಾಂ ದಾಟಿದಾಗ. ವಯಸ್ಕರಲ್ಲಿ, ಗರ್ಭಿಣಿಯರಂಥವರನ್ನು ಬಿಟ್ಟರೆ, ಆ ಮಾತು ಬರುವುದು ಸಾಮಾನ್ಯವಾಗಿ 70ರ ಆಸುಪಾಸಿನಿಂದ. 5 ದಾಟಿದರೆ ಮಾಡಬೇಕಾದದ್ದು ಸೀಸ ಎಲ್ಲಿಂದ ಬರುತ್ತಿದೆ ಎಂದು ಹುಡುಕಿ ಅದನ್ನು ನಿಲ್ಲಿಸುವುದು.

ಹಾಗಾದರೆ ಪರೀಕ್ಷೆ ಹೇಗೆ? ಆ ಮಾತ್ರೆ ನುಂಗಿದ ಮೇಲೆ ಕೆಲವು ವಾರ ಬಿಟ್ಟು, ಯಾವ ಔಷಧಿಯನ್ನೂ ಕೊಡದೆ ಮಾಡಿಸಿ. ಸೀಸಕ್ಕೆ ತೋಳಿನ ರಕ್ತನಾಳದ ರಕ್ತ. ಬೆರಳು ಚುಚ್ಚಿದ ಹನಿಗೆ ಚರ್ಮದ ಮೇಲಿನ ಧೂಳು ಸೇರುತ್ತದೆ. ಮೀನಿನಿಂದ ಬರುವ ಮೀಥೈಲ್ ಪಾದರಸಕ್ಕೆ ರಕ್ತ, ಆವಿ ಅಥವಾ ಕ್ರೀಮಿನಿಂದ ಬರುವ ಪಾದರಸಕ್ಕೆ ಮೂತ್ರ. ಆರ್ಸೆನಿಕ್‌ಗೂ ಮೂತ್ರವೇ, ಆದರೆ ಅದಕ್ಕೆ ಮುಂಚೆ ನಾಲ್ಕೈದು ದಿನ ಮೀನು, ಸಿಗಡಿ, ಕಡಲಕಳೆ ಬಿಡಿ. ಅವುಗಳಲ್ಲಿರುವ ಆರ್ಸೆನೊಬೀಟೈನ್ ನಿರಪಾಯಕಾರಿ, ಆದರೂ ಒಟ್ಟು ಅಂಕಿಯನ್ನು ಏರಿಸುತ್ತದೆ. ಹೆಚ್ಚು ಬಂದರೆ ವಿಷಕಾರಿಯಾದ ನಿರವಯವ (ಇನಾರ್ಗ್ಯಾನಿಕ್) ಆರ್ಸೆನಿಕ್ ಎಷ್ಟು ಎಂದು ಬೇರೆಯಾಗಿ ಅಳೆಸಿ. ಮೂತ್ರದ ಫಲಿತಾಂಶವನ್ನು ಕ್ರಿಯಾಟಿನಿನ್‌ಗೆ (ಮೂತ್ರ ಎಷ್ಟು ಗಟ್ಟಿಯಿದೆ ಎಂದು ತೋರಿಸುವ ವಸ್ತು) ಹೊಂದಿಸಿ ಕೊಡುವಂತೆ ಕೇಳಿ, ಇಲ್ಲದಿದ್ದರೆ ನೀರು ಕಡಿಮೆ ಕುಡಿದ ದಿನ ಎಲ್ಲವೂ ಜಾಸ್ತಿ ಕಾಣುತ್ತದೆ. ಎಂಆರ್‌ಐ ಚಿತ್ರ ಸ್ಪಷ್ಟವಾಗಲೆಂದು ಗ್ಯಾಡೋಲಿನಿಯಂ ಎಂಬ ಲೋಹದ ಔಷಧಿ ಚುಚ್ಚಿಸಿಕೊಂಡಿದ್ದರೆ ಈ ಪರೀಕ್ಷೆಗಳಿಗೆ ಕನಿಷ್ಠ ನಾಲ್ಕು ದಿನ ಕಾಯಿರಿ. ಕೂದಲಿನ ಪರೀಕ್ಷೆ ಬೇಡ: 2001ರಲ್ಲಿ ಪ್ರಕಟವಾದ ಅಧ್ಯಯನವೊಂದರಲ್ಲಿ ಒಬ್ಬರದೇ ಕೂದಲನ್ನು ಆರು ಲ್ಯಾಬ್‌ಗಳಿಗೆ ಕಳಿಸಿದಾಗ, ಹಲವು ಖನಿಜಗಳ ಅಂಕಿ ಹತ್ತು ಪಟ್ಟಿಗೂ ಹೆಚ್ಚು ಏರುಪೇರಾಗಿ ಬಂತು.

ಮೂಲ ಹುಡುಕುವಾಗ ಬ್ಯಾಟರಿ, ಬೆಸುಗೆ, ಹಳೆಯ ಬಣ್ಣ ಕೆರೆಯುವುದು, ಕೊಳವೆಬಾವಿ ನೀರು (ಆರ್ಸೆನಿಕ್ ಲೀಟರಿಗೆ 10 ಮೈಕ್ರೊಗ್ರಾಂ ಮೀರಬಾರದು), ಚರ್ಮ ಬಿಳುಪಿಸುವ ಕ್ರೀಮು, ಲೋಹದ ಭಸ್ಮವಿರುವ ಔಷಧಿ ಇವನ್ನು ಮೊದಲು ನೋಡಿ. ವಿಷ ಹೀರುತ್ತದೆಂದು ಮಾರುವ ಬೆಂಟೊನೈಟ್ ಜೇಡಿಮಣ್ಣನ್ನೂ ನೋಡಲು ಮರೆಯಬೇಡಿ. ಅದರಲ್ಲೇ ಸೀಸ ಸಿಕ್ಕಿದ್ದುಂಟು. ಕಾಲಿಟ್ಟರೆ ವಿಷ ಹೊರಬಂದು ನೀರು ಕಂದು ಬಣ್ಣಕ್ಕೆ ತಿರುಗುತ್ತದೆ ಎನ್ನುವ ಯಂತ್ರದ ಗುಟ್ಟು ಇನ್ನೂ ಸುಲಭ. ಕಾಲಿಡದೆ ಉಪ್ಪುನೀರಿನಲ್ಲಿ ಚಾಲೂ ಮಾಡಿ ನೋಡಿ, ತುಕ್ಕು ಹಿಡಿಯುವ ವಿದ್ಯುದ್ವಾರವೇ ಬಣ್ಣ ಬಿಡುತ್ತದೆ.

ಇವುಗಳ ಜೊತೆಗೇ ಸುಸ್ತಿನ ಸಾಮಾನ್ಯ ಕಾರಣಗಳನ್ನೂ ನೋಡಿಸಿ: ಹಿಮೋಗ್ಲೋಬಿನ್, ಫೆರಿಟಿನ್ (ಕಬ್ಬಿಣದ ದಾಸ್ತಾನು), ಬಿ12, ಟಿಎಸ್‌ಎಚ್ (ಥೈರಾಯ್ಡ್), ಎಚ್‌ಬಿಎ1ಸಿ (ಸಕ್ಕರೆ), ಕ್ರಿಯಾಟಿನಿನ್ (ಮೂತ್ರಪಿಂಡ), ಯಕೃತ್ತು, ಸಿಆರ್‌ಪಿ (ಉರಿಯೂತ), ಸೀಲಿಯಾಕ್‌ಗೆ (ಗೋಧಿಯ ಗ್ಲುಟೆನ್ ಒಗ್ಗದ ಕಾಯಿಲೆ) ಟಿಟಿಜಿ. ಗೊರಕೆ ಜೋರಿದ್ದರೆ ನಿದ್ರೆಯ ಪರೀಕ್ಷೆಯೂ ಬೇಕು. ಹಿಮೋಗ್ಲೋಬಿನ್ ಸರಿಯಿದ್ದರೂ ಫೆರಿಟಿನ್ ತಳ ಕಂಡಿರಬಹುದು, ಅದನ್ನು ಬಿಡಬೇಡಿ. ಡಿಟಾಕ್ಸ್ ಪುಡಿ ಏನಾದರೂ ತೆಗೆದುಕೊಳ್ಳುತ್ತಿದ್ದರೆ ಅದರಲ್ಲಿ ಬಯೋಟಿನ್ (ಒಂದು ಬಿ ವಿಟಮಿನ್) ಇದೆಯೇ ನೋಡಿ. ಇದ್ದರೆ ಥೈರಾಯ್ಡ್ ಪರೀಕ್ಷೆಗೆ ಕನಿಷ್ಠ ಎರಡು ದಿನ ಮುಂಚೆ ನಿಲ್ಲಿಸಿ. ದೊಡ್ಡ ಪ್ರಮಾಣದ ಬಯೋಟಿನ್ ಟಿಎಸ್‌ಎಚ್ ಅನ್ನು ಇರುವುದಕ್ಕಿಂತ ಕಡಿಮೆ ತೋರಿಸಬಲ್ಲದು.