“ಕ್ಯಾನ್ಸರ್ ಕಾಲಮ್ಮಿಗೆ ‘ಇಲ್ಲ’ ಅಂತ ಬರೆಯಿರಿ”

(ಗುರುತು ಸಿಗುವ ವಿವರಗಳನ್ನು ಬದಲಿಸಿದ್ದೇನೆ.)

ನಲವತ್ತೆರಡರ ಆಕೆ ಖಾಸಗಿ ಶಾಲೆಯ ಶಿಕ್ಷಕಿ. ಎರಡನೇ ಹಂತದ ಸ್ತನ ಕ್ಯಾನ್ಸರ್‌ಗೆ ಸರ್ಜರಿ, ಕೀಮೊ, ರೇಡಿಯೇಷನ್ ಮುಗಿದು ನಾಲ್ಕು ವರ್ಷ. ಕ್ಯಾನ್ಸರ್ ಮರುಕಳಿಸದಿರಲೆಂದು ಕೊಡುವ ಟಾಮಾಕ್ಸಿಫೆನ್ ಮಾತ್ರೆ ಇನ್ನೂ ನಡೆದಿದೆ. ಮನೆ ಸಾಲವಿದೆ, ಮಗಳು ಹೈಸ್ಕೂಲು. ಟರ್ಮ್ ಪಾಲಿಸಿ (ನಿಗದಿತ ಅವಧಿಯೊಳಗೆ ತೀರಿಕೊಂಡರೆ ಮನೆಯವರಿಗೆ ಹಣ ಸಿಗುವ ಜೀವವಿಮೆ) ವಿಚಾರಿಸಲು ಹೋದಾಗ ಏಜೆಂಟ್, “ಕ್ಯಾನ್ಸರ್ ಕಾಲಮ್ಮಿಗೆ ‘ಇಲ್ಲ’ ಅಂತ ಬರೆಯಿರಿ ಮೇಡಂ, ಮೂರು ವರ್ಷ ಕಳೆದರೆ ಯಾರೂ ಕೇಳಲ್ಲ” ಅಂದರಂತೆ.

ಆಕೆ ನನ್ನಲ್ಲಿಗೆ ಸಲಹೆಗೆಂದು ಬಂದದ್ದು ಅದಕ್ಕೊಂದು ಒಪ್ಪಿಗೆ ಪಡೆಯಲು ಅನ್ನಿಸಿತು. ಕೊಡಲಿಲ್ಲ.

ಏಜೆಂಟ್ ಮಾತು ಪೂರ್ತಿ ಸುಳ್ಳಲ್ಲ, ಅಪಾಯವಿರುವುದೇ ಅಲ್ಲಿ. 1938ರ ವಿಮಾ ಕಾಯ್ದೆಯ 45ನೇ ಕಲಮಿಗೆ 2015ರಲ್ಲಾದ ತಿದ್ದುಪಡಿಯಂತೆ, ಮೂರು ವರ್ಷ ತುಂಬಿದ ಪಾಲಿಸಿಯನ್ನು ಕಂಪನಿ ಪ್ರಶ್ನಿಸುವಂತಿಲ್ಲ. ಅದಕ್ಕೆ ಮುಂಚೆ ಸಾವಾದರೆ? ಆಸ್ಪತ್ರೆಯ ದಾಖಲೆ ಹೊರಗೆ ಬರುತ್ತದೆ, ಕ್ಲೇಮ್ ಬಿದ್ದುಹೋಗಬಹುದು. ಕಚೇರಿ ಅಲೆಯುವ ಪಾಡು ಆಗ ಮಗಳದ್ದು. ಆಕೆ ಬಹಳ ಹೊತ್ತು ಮಾತಾಡಲಿಲ್ಲ. ಆಮೇಲೆ, “ಫಾರಂ ತುಂಬೋವಾಗ ಮತ್ತೆ ಪೇಷಂಟ್ ಆಗಿಬಿಡ್ತೀನಿ” ಅಂದರು. ವಿಮೆಯ ಮಾತು ಬಿಟ್ಟು ಆ ದಿನವೆಲ್ಲ ಅದನ್ನೇ ಮಾತಾಡಿದೆವು.

ಮುಂದಿನ ಭೇಟಿಗೆ ಪತಿಯೂ ಬಂದರು. ಈಗಾಗಲೇ ಕೈಯಲ್ಲಿರುವುದನ್ನು ಮೊದಲು ನೋಡಿಕೊಳ್ಳಿ ಎಂದೆ. ಪಿಎಫ್ ಇದ್ದವರಿಗೆ ಅದಕ್ಕೆ ಜೋಡಿಸಿದ ಇಡಿಎಲ್ಐ ಎಂಬ ಜೀವವಿಮೆ ತಾನಾಗಿಯೇ ಇರುತ್ತದೆ: ನೌಕರಿಯಲ್ಲಿದ್ದಾಗ ತೀರಿಕೊಂಡರೆ ಗರಿಷ್ಠ 7 ಲಕ್ಷ. ವೈದ್ಯಕೀಯ ಪರೀಕ್ಷೆಯಿಲ್ಲ, ನೌಕರರು ಕಂತು ಕಟ್ಟುವುದಿಲ್ಲ. ಆಕೆಗೆ ಇದು ಗೊತ್ತೇ ಇರಲಿಲ್ಲ. ಪಿಎಫ್ ಖಾತೆ ತೆರೆದು ನೋಡಿದರೆ ನಾಮಿನಿ ಜಾಗದಲ್ಲಿ ತೀರಿಹೋದ ಅಪ್ಪನ ಹೆಸರು! ಬ್ಯಾಂಕಿನ ಮೂಲಕ ಸಿಗುವ ಪ್ರಧಾನಮಂತ್ರಿ ಜೀವನ ಜ್ಯೋತಿ ವಿಮೆಗೆ 50ರ ವಯಸ್ಸಿನ ತನಕ ಸೇರಬಹುದು. ವರ್ಷಕ್ಕೆ 436 ರೂಪಾಯಿಗೆ 2 ಲಕ್ಷ, ಅಪಘಾತ ಬಿಟ್ಟರೆ ಮೊದಲ 30 ದಿನ ಅನ್ವಯಿಸದು. ಸಹಿಗೆ ಮುಂಚೆ ಫಾರಮ್ಮಿನಲ್ಲಿರುವ ಘೋಷಣೆ ಓದಿ ಎಂದೆ.

ಟರ್ಮ್ ಪಾಲಿಸಿಗೆ ನಾಲ್ಕಾರು ಕಡೆ ಒಟ್ಟಿಗೆ ಅರ್ಜಿ ಹಾಕಬೇಡಿ. ಹಿಂದೆ ಎಲ್ಲಾದರೂ ತಿರಸ್ಕೃತವಾಗಿತ್ತೇ ಎಂದು ಫಾರಂ ಕೇಳುತ್ತದೆ. ಬಯಾಪ್ಸಿ ವರದಿ, ಡಿಸ್ಚಾರ್ಜ್ ಸಮರಿ, ಹೊಸ ಮ್ಯಾಮೋಗ್ರಾಮ್, ಹಂತ ಮತ್ತು ಚಿಕಿತ್ಸೆ ಮುಗಿದ ದಿನಾಂಕ ಬರೆದ ಆಂಕಾಲಜಿಸ್ಟರ ಪತ್ರ, ಇಷ್ಟನ್ನು ಒಂದೇ ಫೈಲಿಗೆ ಹಾಕಿ ಒಂದು ಕಂಪನಿಗೆ ಕೊಡಿ. ಹೆಚ್ಚುವರಿ ಪ್ರೀಮಿಯಂ ಕೇಳಬಹುದು, ಮೊತ್ತ ಇಳಿಸಬಹುದು, ಮುಂದೂಡಲೂಬಹುದು.

“ನಿಮ್ಮ ಪಾಲಿಸಿ ಎಷ್ಟಿದೆ?” ಎಂದು ಪತಿಯನ್ನು ಕೇಳಿದೆ. ಇರಲಿಲ್ಲ. ಸಾಲದ ಕಂತು ಹೋಗುತ್ತಿದ್ದುದು ಅವರ ಸಂಬಳದಿಂದಲೇ. ಮನೆಯವರ ಕಣ್ಣೆಲ್ಲ ಕಾಯಿಲೆ ಬಂದವರ ಮೇಲಿತ್ತು.

ಅವರ ಪಾಲಿಸಿ ಬೇಗ ಆಯಿತು. ಆಕೆಯ ಅರ್ಜಿಯನ್ನು ಕಂಪನಿ ಒಂದು ವರ್ಷ ಮುಂದೂಡಿದೆ. ಕಾರಣವನ್ನು ಆಕೆ ಬರಹದಲ್ಲಿ ಕೇಳಿ ಪಡೆದು ಫೈಲಿಗೆ ಸೇರಿಸಿದ್ದಾರೆ.