ಆನೆ, ಉಣುಗು, ಪಿಂಚಣಿ: ಸಂಸದರನ್ನು ಏನೆಂದು ಕೇಳಬೇಕು?

ಪ್ರಶ್ನೆ: ನಮ್ಮದು ಹೊಸನಗರ ತಾಲ್ಲೂಕಿನ ಕಾಡಂಚಿನ ಊರು. ಕಾಡಾನೆ ತೋಟಕ್ಕೆ ನುಗ್ಗುತ್ತಿದೆ. ಬೇಸಿಗೆ ಬಂತೆಂದರೆ ಉಣುಗು ಕಚ್ಚಿ ಹರಡುವ ಮಂಗನ ಕಾಯಿಲೆಯ ಹೆದರಿಕೆ. ವೃದ್ಧರಿಗೆ ಬರುವ ಪಿಂಚಣಿ ಔಷಧಿಗೂ ಸಾಲದು. ಯಾವ ಕಚೇರಿಗೆ ಹೋದರೂ ‘ನಮ್ಮ ವ್ಯಾಪ್ತಿಯಲ್ಲಿಲ್ಲ’ ಎನ್ನುತ್ತಾರೆ. ಈ ಸಲ ನೇರವಾಗಿ ಸಂಸದರಿಗೇ ಮನವಿ ಕೊಡೋಣವೆಂದು ಊರಿನವರು ತೀರ್ಮಾನಿಸಿದ್ದೇವೆ. ಕೊಟ್ಟರೆ ಪ್ರಯೋಜನವಿದೆಯೇ? ಮನವಿಯ ಪ್ರತಿ ಲಗತ್ತಿಸಿದ್ದೇನೆ.

ಉತ್ತರ: ಪ್ರಯೋಜನವಿದೆ. ಆದರೆ ಈಗ ಬರೆದಿರುವ ಹಾಗೆಯೇ ಕೊಟ್ಟರೆ ಕಡಿಮೆ. ನಿಮ್ಮ ಮನವಿಯ ಒಂದೇ ಹಾಳೆಯಲ್ಲಿ ಹನ್ನೊಂದು ಬೇಡಿಕೆಗಳಿವೆ. ಮೊದಲನೆಯದು ಆನೆ ಹಿಡಿಸುವುದು, ಕೊನೆಯದು ಸಮುದಾಯ ಭವನದ ಶೀಟು. ಇಂಥ ಹಾಳೆ ‘ಸೂಕ್ತ ಕ್ರಮಕ್ಕಾಗಿ’ ಎಂಬ ಷರಾ ಹೊತ್ತು ಜಿಲ್ಲಾಧಿಕಾರಿ ಕಚೇರಿಗೆ, ಅಲ್ಲಿಂದ ತಾಲ್ಲೂಕು ಕಚೇರಿಗೆ ಇಳಿದು, ಕೊನೆಗೆ ನಿಮ್ಮ ಪಂಚಾಯಿತಿಯ ಮೇಜಿಗೇ ಬಂದು ಕೂರುತ್ತದೆ. ಆದ್ದರಿಂದ ದೆಹಲಿಯ ಕೈಯಲ್ಲಿರುವುದು ಯಾವುದು, ಬೆಂಗಳೂರಿನ ಕೈಯಲ್ಲಿರುವುದು ಯಾವುದು ಎಂದು ಮೊದಲು ಬೇರ್ಪಡಿಸಿ.

ಆನೆಯ ವಿಷಯದಲ್ಲಿ ನಿಮ್ಮವರ ಸಂಕಟ ಬಲ್ಲೆ. ಹತ್ತು ವರ್ಷ ನೀರುಣಿಸಿ ಬೆಳೆಸಿದ ಅಡಿಕೆ ಮರ ಒಂದೇ ರಾತ್ರಿಯಲ್ಲಿ ನೆಲಕ್ಕೊರಗಿರುವುದನ್ನು, ಸಿಗಿದು ಬಿಸಾಡಿದ ಬಾಳೆದಿಂಡನ್ನು ಬೆಳಗ್ಗೆ ಎದ್ದು ನೋಡಿದವರಿಗೆ ಕಾಯ್ದೆಯ ಮಾತು ರುಚಿಸುವುದಿಲ್ಲ. ಆದರೂ ಹೇಳಬೇಕಾಗಿದೆ: ಜೀವಕ್ಕೆ ಅಪಾಯ ತಂದ ಆನೆಯನ್ನು ಹಿಡಿಯಲು ಆದೇಶ ಕೊಡಬೇಕಾದವರು ರಾಜ್ಯದ ಮುಖ್ಯ ವನ್ಯಜೀವಿ ಪರಿಪಾಲಕರು. ಅಲ್ಲಿ ಸಂಸದರ ಪತ್ರ ಶಿಫಾರಸು ಮಾತ್ರ. ಹಾಗೆಂದು ವನ್ಯಜೀವಿ ಪೂರ್ತಿ ರಾಜ್ಯದ ವಿಷಯವೆಂದು ಯಾರಾದರೂ ಹೇಳಿದರೆ ಒಪ್ಪಬೇಡಿ. 1976ರ 42ನೇ ತಿದ್ದುಪಡಿಯಿಂದ ಅರಣ್ಯವೂ ವನ್ಯಜೀವಿ ರಕ್ಷಣೆಯೂ ಕೇಂದ್ರ, ರಾಜ್ಯ ಎರಡೂ ಕಾನೂನು ಮಾಡಬಹುದಾದ ಸಮವರ್ತಿ ಪಟ್ಟಿಯಲ್ಲಿವೆ. 1972ರ ವನ್ಯಜೀವಿ ಕಾಯ್ದೆ ಸಂಸತ್ತು ಮಾಡಿದ್ದು. ಅದರ 2022ರ ತಿದ್ದುಪಡಿಗೆ ಮೊದಲು ಮಸೂದೆಯನ್ನು ಪರಿಶೀಲಿಸಿದ ಸಂಸತ್ತಿನ ಸ್ಥಾಯಿ ಸಮಿತಿಯ ಅಧ್ಯಕ್ಷರಾಗಿದ್ದವರು ಕರ್ನಾಟಕದಿಂದಲೇ ರಾಜ್ಯಸಭೆಗೆ ಹೋದ ಜೈರಾಮ್ ರಮೇಶ್. ಪ್ರಧಾನಿ ಅಧ್ಯಕ್ಷತೆಯ ರಾಷ್ಟ್ರೀಯ ವನ್ಯಜೀವಿ ಮಂಡಳಿಯಲ್ಲಿ ಮೂವರು ಸಂಸದರಿಗೆ ಸ್ಥಾನವಿದೆ. ನಿಮ್ಮ ನೆರೆಯ ಶರಾವತಿ ಕಣಿವೆಯ 2,000 ಮೆಗಾವಾಟ್ ಪಂಪ್ಡ್ ಸ್ಟೋರೇಜ್ ಯೋಜನೆ ಸಿಂಗಳೀಕಗಳ ಅಭಯಾರಣ್ಯವನ್ನು ತಟ್ಟುವುದರಿಂದ ಅದೇ ಮಂಡಳಿಯ ಸ್ಥಾಯಿ ಸಮಿತಿಯ ಮುಂದೆ ಹೋಗಬೇಕಾಯಿತು. ಶರಾವತಿ ಅಣೆಕಟ್ಟಿನ ಮುಳುಗಡೆ ಸಂತ್ರಸ್ತರ ಜಮೀನಿನ ಹಕ್ಕಿನ ಗಂಟೂ ದೆಹಲಿಯಲ್ಲೇ ಇದೆ. 1980ರ ಅರಣ್ಯ ಸಂರಕ್ಷಣಾ ಕಾಯ್ದೆ ಬಂದ ಮೇಲೆ ಅರಣ್ಯ ಜಮೀನನ್ನು ಬಿಡಿಸಲು ಕೇಂದ್ರದ ಒಪ್ಪಿಗೆ ಬೇಕು.

ನನ್ನನ್ನು ಕೇಳಿದರೆ, ನಿಮ್ಮ ಮನವಿಯ ಹೃದಯವಾಗಬೇಕಾದದ್ದು ಮಂಗನ ಕಾಯಿಲೆ. ನೀವು ಅದನ್ನು ಏಳನೆಯ ಸಾಲಿನಲ್ಲಿ ‘ಆಸ್ಪತ್ರೆಗೆ ವೈದ್ಯರು ಬೇಕು’ ಎಂದಷ್ಟೇ ಬರೆದಿದ್ದೀರಿ. ವೈದ್ಯರ ನೇಮಕ ರಾಜ್ಯದ್ದು. ಲಸಿಕೆ ಹಾಗಲ್ಲ. 1957ರಲ್ಲಿ ಸೊರಬ ತಾಲ್ಲೂಕಿನ ಕ್ಯಾಸನೂರು ಕಾಡಿನಲ್ಲಿ ಗುರುತಿಸಿದ ಈ ರೋಗಕ್ಕೆ ಇಂದಿಗೂ ನಿರ್ದಿಷ್ಟ ಔಷಧಿ ಇಲ್ಲ. ಹಳೆಯ ಲಸಿಕೆಯ ಪರಿಣಾಮ ಕುಗ್ಗಿತೆಂದು 2022ರಲ್ಲಿ ಅದನ್ನೂ ನಿಲ್ಲಿಸಿದರು. ಹೊಸ ಲಸಿಕೆಯ ಹೊಣೆ ಭಾರತೀಯ ವೈದ್ಯಕೀಯ ಸಂಶೋಧನಾ ಮಂಡಳಿಯದು, ಅಂದರೆ ಕೇಂದ್ರದ್ದು. ಕೊಟ್ಟಿಗೆಗೆ ಕಾಡಿನ ಒಣ ಎಲೆ, ದರಗು ಹೊತ್ತು ತಂದ ಮೇಲೆ ದೀಪದ ಬುಡದಲ್ಲಿ ಕುಳಿತು, ಮೊಣಕಾಲ ಸಂದು, ಸೊಂಟದ ಸುತ್ತ ತಡವಿ, ಎಳ್ಳಿನಷ್ಟು ಚಿಕ್ಕ ಉಣುಗನ್ನು ಕಿತ್ತುಹಾಕುವುದು ನಮ್ಮ ಹೆಂಗಸರಿಗೆ ದಿನದ ಕೆಲಸವಾಗಿದೆ. ಸಾಗರ ತಾಲ್ಲೂಕಿನ ಅರಲಗೋಡಿನ ಸುತ್ತಿನವರು ಈ ಕಾಯಿಲೆಯಿಂದ ಕಂಡ ಸಾವುಗಳನ್ನು ಮಲೆನಾಡು ಮರೆತಿಲ್ಲ. ಕಾಯಿಲೆ ಗುರುತಿಸಿ ಅರವತ್ತು ವರ್ಷ ದಾಟಿದರೂ ನಂಬಬಹುದಾದ ಲಸಿಕೆ ಇಲ್ಲವೆನ್ನುವುದು ನನಗೆ ಸಹಿಸಲಾಗದ ಸಂಗತಿ.

ಇದನ್ನು ಭಾಷಣದಲ್ಲಿ ಪ್ರಸ್ತಾಪಿಸಿ ಎಂದು ಕೇಳಬೇಡಿ, ಲಿಖಿತ ಪ್ರಶ್ನೆ ಹಾಕಿಸಿ. ಲೋಕಸಭೆಯಲ್ಲಿ ದಿನಕ್ಕೆ ಸಚಿವರು ಸದನದಲ್ಲಿ ಬಾಯಲ್ಲೇ ಉತ್ತರಿಸುವ 20 ಚುಕ್ಕೆ ಗುರುತಿನ ಪ್ರಶ್ನೆಗಳು, 230 ಚುಕ್ಕೆರಹಿತ ಪ್ರಶ್ನೆಗಳು ಪಟ್ಟಿಗೆ ಬರುತ್ತವೆ. ಚುಕ್ಕೆರಹಿತ ಪ್ರಶ್ನೆಗೆ ಸಚಿವರು ಬರಹದಲ್ಲೇ ಉತ್ತರಿಸಬೇಕು. ಆ ಉತ್ತರ ಸದನದ ದಾಖಲೆ; ಯಾರು ಬೇಕಾದರೂ ಲೋಕಸಭೆಯ ಜಾಲತಾಣದಲ್ಲಿ ತೆಗೆದು ಓದಬಹುದು. ಉತ್ತರದಲ್ಲಿ ಸಚಿವರು ‘ಪರಿಶೀಲಿಸಲಾಗುವುದು’ ಎಂದರೆ ಅದು ಭರವಸೆಯೆಂದು ನಮೂದಾಗುತ್ತದೆ. ಮೂರು ತಿಂಗಳೊಳಗೆ ಈಡೇರಿಸಬೇಕು. ಈಡೇರಿತೇ ಎಂದು ನೋಡಲು ಸರ್ಕಾರಿ ಭರವಸೆಗಳ ಸಮಿತಿಯೇ ಇದೆ. ನಿಮ್ಮ ಪ್ರಶ್ನೆ ಹೀಗಿರಲಿ: ಹೊಸ ಲಸಿಕೆಯ ಪ್ರಯೋಗ ಯಾವ ಹಂತದಲ್ಲಿದೆ? ಮಂಜೂರಾದ ಹಣವೆಷ್ಟು, ಖರ್ಚಾದದ್ದೆಷ್ಟು? ಶಿವಮೊಗ್ಗ ಜಿಲ್ಲೆಯ ಕಾಡಂಚಿನವರಿಗೆ ಯಾವಾಗ ಸಿಗುತ್ತದೆ?

ಪಿಂಚಣಿಯ ಬಗ್ಗೆಯೂ ಹೀಗೆಯೇ ನಿಖರವಾಗಿ ಕೇಳಿ. ಇಂದಿರಾ ಗಾಂಧಿ ರಾಷ್ಟ್ರೀಯ ವೃದ್ಧಾಪ್ಯ ಪಿಂಚಣಿಯಲ್ಲಿ ಕೇಂದ್ರದ ಪಾಲು 79ನೇ ವಯಸ್ಸಿನವರೆಗೆ ತಿಂಗಳಿಗೆ 200 ರೂಪಾಯಿ, 80 ತುಂಬಿದ ಮೇಲೆ 500. ಆ ಇನ್ನೂರು ಹದಿನೈದು ವರ್ಷಕ್ಕೂ ಮೇಲಾಗಿ ಇನ್ನೂರಾಗಿಯೇ ನಿಂತಿದೆ. ಹೆಚ್ಚಿಸಿ ಎಂದು ಗ್ರಾಮೀಣಾಭಿವೃದ್ಧಿ ಸ್ಥಾಯಿ ಸಮಿತಿ ಮತ್ತೆ ಮತ್ತೆ ಹೇಳಿದೆ. ನಿಮ್ಮ ಅಜ್ಜಿಯ ಕೈಗೆ ಬರುವ ಉಳಿದ ಹಣ ರಾಜ್ಯದ್ದೆಂಬುದನ್ನೂ ಪತ್ರದಲ್ಲಿ ತಿಳಿಸಿ.

ಆಗುಂಬೆ ಘಾಟಿಯ ರಸ್ತೆ ರಾಷ್ಟ್ರೀಯ ಹೆದ್ದಾರಿ 169ಎ, ಕೇಂದ್ರದ್ದೇ. ಅಪಘಾತವಾಗುವ ತಿರುವನ್ನು ಕಿಲೋಮೀಟರ್ ಕಲ್ಲಿನ ಸಂಖ್ಯೆ ಸಮೇತ ಬರೆಯಿರಿ, ಸಾಕು. ಸಮುದಾಯ ಭವನದ ಶೀಟಿಗೆ ಬೇರೆ ಹಾಳೆ ಮಾಡಿ. ಸಂಸದರ ಕ್ಷೇತ್ರಾಭಿವೃದ್ಧಿ ನಿಧಿ ವರ್ಷಕ್ಕೆ 5 ಕೋಟಿ ರೂಪಾಯಿ; ನಿಮ್ಮ ಶಿವಮೊಗ್ಗ ಲೋಕಸಭಾ ಕ್ಷೇತ್ರದಲ್ಲಿ ಬೈಂದೂರೂ ಸೇರಿ ಎಂಟು ವಿಧಾನಸಭಾ ಕ್ಷೇತ್ರಗಳು ಅದನ್ನು ಹಂಚಿಕೊಳ್ಳಬೇಕು. ಪಿಂಚಣಿ, ಗ್ರಾಮೀಣ ರಸ್ತೆಯಂಥ ಕೇಂದ್ರ ಯೋಜನೆಗಳು ಜಿಲ್ಲೆಯಲ್ಲಿ ಎಲ್ಲಿ ನಿಂತಿವೆ ಎಂದು ಅಧಿಕಾರಿಗಳನ್ನು ಎದುರಿಗೆ ಕೂರಿಸಿಕೊಂಡು ಕೇಳಲು ಸಂಸದರ ಅಧ್ಯಕ್ಷತೆಯ ದಿಶಾ ಸಮಿತಿಯಿದೆ. ಮೂರು ತಿಂಗಳಿಗೊಮ್ಮೆ ಅದು ಸೇರಬೇಕು. ಸಭೆಗೆ ಮೊದಲೇ ನಿಮ್ಮ ಪತ್ರ ತಲುಪಿರಲಿ.

ಪ್ರಶ್ನೆಯ ನೋಟಿಸಿಗೆ ಕನಿಷ್ಠ 15 ದಿನ ಬೇಕು. ಚಳಿಗಾಲದ ಅಧಿವೇಶನ ಸಾಮಾನ್ಯವಾಗಿ ನವೆಂಬರ್ ಕೊನೆಯಲ್ಲೋ ಡಿಸೆಂಬರ್ ಮೊದಲಲ್ಲೋ ಶುರುವಾಗುತ್ತದೆ. ಉಣುಗು ಏಳುವ ಕಾಲವೂ ಆಗಲೇ. ಗ್ರಾಮಸಭೆಯ ನಿರ್ಣಯದ ಪ್ರತಿ ಲಗತ್ತಿಸಿ, ಅಕ್ಟೋಬರ್ ಮುಗಿಯುವ ಮೊದಲು ಪತ್ರವನ್ನು ಕೈಯಲ್ಲೇ ಕೊಟ್ಟು, ಸ್ವೀಕೃತಿ ಪಡೆದು ಬನ್ನಿ.